ಹೊಳೆಯ ಬಳಚಿಗೆ ಊರೇ ನಿಷೇಧ ಹಾಕಿದರೆ ಅದಕ್ಕೆ ಬೆಲೆ ಇದೆಯೇ?

ಅಳಿವೆಯಂಚು (ಚರ್ಚೆ ಆರಂಭಿಸಿದವರು)

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ, ಕುಮಟಾ ಕಡೆಗೆ ನಮ್ಮ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಇಲ್ಲಿಯ ಜಗಳ ಮನೆ ಬಾಗಿಲಿಗೆ ಬರುತ್ತದೆ.

ಹೊಳೆಯ ನಡುವಿನ ದಿಬ್ಬವೊಂದರಲ್ಲಿ ಬಳಚು (ಕೆಸರಿನಲ್ಲಿ ಬೆಳೆಯುವ ಚಿಪ್ಪುಮೀನು) ಸಿಗುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಗೆ ಅಲ್ಯೂಮಿನಿಯಂ ಪಾತ್ರೆ ತೇಲಿಸಿಕೊಂಡು, ಕಾಲಿನಲ್ಲೇ ಕೆಸರು ತಡಕಿ ಹೆಕ್ಕುತ್ತಾರೆ. ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಕೆಲವು ವರ್ಷಗಳಿಂದ ಪಾತ್ರೆ ತುಂಬುತ್ತಿಲ್ಲ. ತುಂಬಿದರೂ ಉಗುರಿನಷ್ಟು ಸಣ್ಣವೇ ಹೆಚ್ಚು.

ಹೋದ ವರ್ಷ ದೇವಸ್ಥಾನದ ಕಟ್ಟೆಯಲ್ಲಿ ಸಭೆ ಸೇರಿ, ಮಳೆಗಾಲ ಮುಗಿದಲ್ಲಿಂದ ಸಂಕ್ರಾಂತಿಯವರೆಗೆ ಆ ದಿಬ್ಬಕ್ಕೆ ಯಾರೂ ಕಾಲಿಡಬಾರದು ಎಂದು ತೀರ್ಮಾನ ಮಾಡಿದೆವು. ಊರವರು ಪಾಲಿಸಿದರು. ದೀಪಾವಳಿ ಕಳೆಯುತ್ತಿದ್ದಂತೆ ಹೊರಗಿನ ದೋಣಿಗಳು ರಾತ್ರಿ ಬಂದು ಚೀಲಗಟ್ಟಲೆ ತೆಗೆದುಕೊಂಡು ಹೋದವು. ತಡೆಯಲು ಹೋದವರಿಗೆ, “ಹೊಳೆ ಏನು ನಿಮ್ಮಪ್ಪನದೋ?” ಎಂಬ ಪ್ರಶ್ನೆ. ಕಚೇರಿಗೆ ಹೋದರೆ, “ಊರಿನ ಠರಾವಿಗೆ ಕಾನೂನಿನ ಬಲವಿಲ್ಲ” ಎಂಬ ಉತ್ತರ. ಈಗ ನಮ್ಮವರೇ, “ನಾವು ಬಿಟ್ಟಿದ್ದನ್ನು ಅವರು ಒಯ್ದರು, ಈ ವರ್ಷ ಬಿಡುವುದೇ ಬೇಡ” ಎನ್ನುತ್ತಿದ್ದಾರೆ. ಬರುವ ತಿಂಗಳು ಗ್ರಾಮಸಭೆ ಇದೆ. ನಾನು ಏನು ಇಟ್ಟುಕೊಂಡು ಮಾತನಾಡಲಿ?

ಸುಕ್ಕಪ್ರಿಯ

ಬಳಚಿನ ಸುಕ್ಕ ಇಲ್ಲದ ಕರಾವಳಿಯೇ ಬೇಡ. ನಿಷೇಧಕ್ಕೆ ನನ್ನ ಬೆಂಬಲ, ಸಂಕ್ರಾಂತಿಯ ಮರುದಿನ ಊಟಕ್ಕೆ ಬರುತ್ತೇನೆ.

ಮಲ್ಪೆ ಬೋಟಿನವ

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಊರೂರಿಗೆ ಒಂದೊಂದು ಕಾನೂನು ಎಂದಾದರೆ ಕಡಲಿಗೆ ಇಳಿಯುವುದು ಹೇಗೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಾವು ಬೋಟು ಕಟ್ಟಿಹಾಕುತ್ತೇವೆ. ಸಾಲದ ಕಂತು ನಿಲ್ಲುವುದಿಲ್ಲ, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಮುಂಗಡ ಕೊಡುವುದು ತಪ್ಪುವುದಿಲ್ಲ, ಆದರೂ ಪಾಲಿಸುತ್ತೇವೆ, ಏಕೆಂದರೆ ಅದು ಇಡೀ ಪಶ್ಚಿಮ ಕರಾವಳಿಗೆ ಒಂದೇ. ನಿಯಮ ಸರ್ಕಾರದ್ದಾಗಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು.

ನಾಡದೋಣಿ

ಪಾಲಿಸುತ್ತೀರಾ? 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಮತ್ತು ಬೆಳಕಿನ ಮೀನುಗಾರಿಕೆ ಎರಡನ್ನೂ ನಿಷೇಧಿಸಿತು. ರಾತ್ರಿ ಹೊತ್ತು ಕಡಲ ಅಂಚಿನಲ್ಲಿ ಜಾತ್ರೆಯ ಹಾಗೆ ಬೆಳಗುವುದು ಏನು ಮಾರಾಯರೇ, ನಕ್ಷತ್ರವೇ?

ಮಲ್ಪೆ ಬೋಟಿನವ

ಮಾಡುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅವರಿಂದ ನಮಗೂ ನಷ್ಟ. ಎಲ್ಲ ಬೋಟಿನವರನ್ನೂ ಒಂದೇ ಬಲೆಯಲ್ಲಿ ಎಳೆಯಬೇಡಿ.

ನಾಡದೋಣಿ

ಸರಿ, ವಿಷಯಕ್ಕೆ ಬರುತ್ತೇನೆ. ಊರಿನ ನಿಯಮ ಎಂದರೆ ಹೊಸದಾಗಿ ಹುಟ್ಟಿದ ಹುಚ್ಚು ಎಂಬಂತೆ ಕೆಲವರು ಮಾತನಾಡುತ್ತಾರೆ. ಕಡಲಿಗೆ ಯಾರೂ ಹೋಗದ ಮಳೆಗಾಲ ಸರ್ಕಾರದ ಆದೇಶಕ್ಕಿಂತ ಹಳೆಯದು. ನೂಲ ಹುಣ್ಣಿಮೆಗೆ ಸಮುದ್ರ ಪೂಜೆಯಾಗಿ, ಹಾಲು–ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಯುತ್ತಿತ್ತು. ಮೊಗವೀರ ಊರುಗಳಲ್ಲಿ ಮುಖಂಡರಾದ ಗುರಿಕಾರರ ಮಾತು ಮೀರಿ ಯಾರೂ ಬಲೆ ಬಿಡುತ್ತಿರಲಿಲ್ಲ.

ರಂಪಣಿಯನ್ನೇ ನೋಡಿ. ಅದು ಒಬ್ಬ ಧಣಿಯ ಬಲೆಯಲ್ಲ, ಹತ್ತಾರು ಮನೆಯವರು ಸೇರಿ ಕಟ್ಟಿದ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರ ಬಿಟ್ಟು ಬಂದರೆ, ದಡದಲ್ಲಿ ಎರಡು ತುದಿಗೂ ಊರಿಗೆ ಊರೇ ನಿಂತು ಎಳೆಯುತ್ತಿತ್ತು. ಯಾರು ಎಲ್ಲಿ ಬಿಡಬೇಕು, ಪಾಲು ಹೇಗೆ ಎಂಬುದೆಲ್ಲ ಬಾಯಿಮಾತಿನಲ್ಲೇ ತೀರ್ಮಾನ. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ಬೋಟಿನ ಸುತ್ತುಬಲೆ ಪರ್ಸೀನ್ ಬಂತು, ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಎತ್ತಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ಈಗ ಉಳಿದದ್ದು ಸಣ್ಣ ಕೈರಂಪಣಿ. ಬಲೆಯ ಜೊತೆಗೆ ಆ ಬಾಯಿಮಾತಿನ ಕಾನೂನೂ ಹೋಯಿತು.

ಪಿಂಚಣಿದಾರ

ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ರಂಪಣಿಯ ಕಾಲವನ್ನು ಚಿನ್ನದ ಕಾಲ ಎಂದು ಬಣ್ಣಿಸುವುದು ಬೇಡ. ಆಗಲೂ ಎಳೆದ ಬಂಗುಡೆ, ಬೂತಾಯಿಗೆ ಗಿರಾಕಿ ಇಲ್ಲದಾಗ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಸುರಿದದ್ದನ್ನು ಹಿರಿಯರು ಕಂಡಿದ್ದಾರೆ. ಮೀನು ಉಳಿದದ್ದು ಜನರ ಸಂಯಮದಿಂದ ಎಷ್ಟೋ, ಮಂಜುಗಡ್ಡೆ, ರಸ್ತೆ, ಎಂಜಿನ್ ಇಲ್ಲದ್ದರಿಂದಲೂ ಅಷ್ಟೇ.

ಬಳಚಿನ ಮಾತಿಗೆ ಬರೋಣ. ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು ಹೊರಡುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ನೇರವಾಗಿ ಬದುಕುತ್ತಾರೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದೂವರೆ ದಶಕಕ್ಕೂ ಹಿಂದೆ ಲೆಕ್ಕ ಹಾಕಿದ್ದರು. ಅಷ್ಟು ದೊಡ್ಡ ಕಸುಬು ಇಲಾಖೆಯ ಕಣ್ಣಿಗೆ ಬೀಳುವುದು ಕಡಿಮೆ. ಏಕೆಂದರೆ ಅಲ್ಲಿ ಬೋಟಿಲ್ಲ, ಡೀಸೆಲ್ ಇಲ್ಲ, ಬಂದರಿನ ಹರಾಜಿಲ್ಲ. ರಾಜ್ಯದ 1986ರ ಮೀನುಗಾರಿಕೆ ಕಾಯ್ದೆ ಕಡಲಿನ ಬೋಟುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, 1996ರದ್ದು ಒಳನಾಡಿನ ಕೆರೆ–ಜಲಾಶಯಗಳನ್ನು. ಅಳಿವೆ ಎರಡರ ಸಂದಿಯಲ್ಲಿ ಕುಳಿತಿದೆ.

ನಿಷೇಧದ ತಿಂಗಳನ್ನು ನೀವು ಊಹೆಯಿಂದ ಹಿಡಿದಿದ್ದರೂ ಬುಡ ಗಟ್ಟಿ ಇದೆ. ಮಳೆನೀರು ಇಳಿದು ಹೊಳೆ ಮತ್ತೆ ಉಪ್ಪಾಗತೊಡಗಿದ ಮೇಲೆಯೇ ಮರಿಗಳು ನೆಲ ಹಿಡಿಯುತ್ತವೆ. ಆ ಹೊತ್ತಿಗೆ ಕೆಸರು ಕೆದಕಿದರೆ ಮುಂದಿನ ಬೆಳೆಯೇ ಇಲ್ಲ.

ಗಡಿನಾಡ ಕನ್ನಡಿಗ

ಕಾಸರಗೋಡಿನಿಂದ. ಕೇರಳದಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ಇದೆ: ಕೊಲ್ಲಂನ ಅಷ್ಟಮುಡಿ ಕಾಯಲು, ಅಂದರೆ ಹಿನ್ನೀರು. ಅಲ್ಲಿಯೂ ಬಳಚೇ. 1990ರ ದಶಕದಲ್ಲಿ ರಫ್ತಿನ ಆಸೆಗೆ ಬಳಿದು ತೆಗೆದು, ಇಳುವರಿ ಕುಸಿದಾಗ ಹೆಕ್ಕುವವರು, ವ್ಯಾಪಾರಿಗಳು, ಕೊಚ್ಚಿಯ ಸಿಎಂಎಫ್‌ಆರ್‌ಐ ಎಂಬ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಲ್ಲ ಸೇರಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧ ಎಂದು ಒಪ್ಪಿದರು. ಬಲೆಯ ಕಣ್ಣಿಗೆ ಅಳತೆ ಬಂತು. ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ಹಿಡಿದರೆ, ಅಂದರೆ ಅಷ್ಟು ಸಣ್ಣದಾದರೆ, ರಫ್ತಿಗೆ ತೆಗೆದುಕೊಳ್ಳುವುದಿಲ್ಲ ಎಂದಾಯಿತು. 2014ರಲ್ಲಿ ಅದಕ್ಕೆ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸುಸ್ಥಿರ ಮೀನುಗಾರಿಕೆ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲನೆಯದು.

ನೀವು ಗಮನಿಸಬೇಕಾದದ್ದು ಪ್ರಮಾಣಪತ್ರವನ್ನಲ್ಲ, ಆ 1,400ರ ಲೆಕ್ಕವನ್ನು. ರಾತ್ರಿ ಹೊಳೆಯಲ್ಲಿ ಯಾರು ಇಳಿದರು ಎಂದು ಕಾಯುತ್ತಾ ಕೂರುವ ಬದಲು, ಹಗಲು ಮಾಲು ಕೊಳ್ಳುವವನ ಕೈ ಕಟ್ಟಿದರು.

ಮಲ್ಪೆ ಬೋಟಿನವ

ಅದನ್ನೇ ನಾನೂ ಹೇಳಿದ್ದು. ಕಾಯಲು ಪೂರ್ತಿಗೆ ಒಂದೇ ನಿಯಮ.

ಗಡಿನಾಡ ಕನ್ನಡಿಗ

ಒಂದೇ ನಿಯಮ, ಒಪ್ಪಿದೆ. ಆದರೆ ಅದನ್ನು ಕೂತು ಮಾಡಿದವರಲ್ಲಿ ಕಾಯಲಿಗೆ ಇಳಿಯುವವರೂ ಇದ್ದರು. ಮೇಲಿನಿಂದ ಬಂದ ನಿಯಮಕ್ಕೂ ಇದಕ್ಕೂ ಅಷ್ಟೇ ಅಂತರ, ಆದರೆ ಅದೇ ದೊಡ್ಡ ಅಂತರ.

ಹಾಗೆಯೇ ನಮ್ಮ ಕಡೆ ಕಡಲ ಕೋಡತಿ, ಅಂದರೆ ಕಡಲ ನ್ಯಾಯಾಲಯ, ಎಂದು ಇತ್ತು, ಕೆಲವೆಡೆ ಈಗಲೂ ಇದೆ. ಮೀನುಗಾರರ ದೇವಸ್ಥಾನದ ಸ್ಥಾನಿಕರು ಕೂತು ಬಲೆಯ ಜಗಳ, ದಡದ ಜಗಳ ಬಗೆಹರಿಸುತ್ತಾರೆ. ಪೊಲೀಸರೂ ಎಷ್ಟೋ ಸಲ ಅಲ್ಲಿಗೇ ಕಳಿಸುತ್ತಾರೆ.

ಹೆಕ್ಕುವವಳ ಮಗಳು

ಆ ಕೋಡತಿಯಲ್ಲಿ ಹೆಂಗಸರು ಎಷ್ಟು ಜನ ಕೂರುತ್ತಾರೆ?

ಗಡಿನಾಡ ಕನ್ನಡಿಗ

ಕೂರುವುದಿಲ್ಲ. ಪ್ರಶ್ನೆ ಸರಿಯಾದದ್ದೇ.

ಹೆಕ್ಕುವವಳ ಮಗಳು

ಹಾಗಾದರೆ ಅಳಿವೆಯಂಚು ಅವರಿಗೂ ಅದೇ ಪ್ರಶ್ನೆ. ದೇವಸ್ಥಾನದ ಕಟ್ಟೆಯ ಸಭೆ ಎಂದಿರಿ. ಕಟ್ಟೆಯ ಮೇಲೆ ಯಾರು ಕೂತಿದ್ದರು, ಕೆಳಗೆ ಯಾರು ನಿಂತಿದ್ದರು? ನನ್ನ ಅಮ್ಮ ಗಂಗಾವಳಿಯ ಅಳಿವೆಯಲ್ಲಿ ಮೂವತ್ತು ವರ್ಷ ಹೆಕ್ಕಿದವಳು. ಅವಳ ಹಿಮ್ಮಡಿಯಲ್ಲಿ ಕಲುವಾ (ಸಿಂಪಿ) ಚಿಪ್ಪು ಸೀಳಿದ ಗೆರೆಗಳು ಒಂದರ ಮೇಲೊಂದು, ಚಳಿಗಾಲದಲ್ಲಿ ಉಪ್ಪುನೀರು ತಾಗಿದರೆ ಈಗಲೂ ಬಾಯಿ ಬಿಡುತ್ತವೆ. ಯಾವ ಸಭೆಯಲ್ಲೂ ಅವಳ ಮಾತು ಕೇಳಲಿಲ್ಲ.

ಗಂಡಸರಿಗೆ ದಿಬ್ಬ ಮುಚ್ಚಿದರೆ ದೋಣಿ ತಿರುಗಿಸಿ ಬೇರೆ ಕಡೆ ಹೋಗಲು ಆಗುತ್ತದೆ, ಬಲೆ ಬಿಡಲು ಆಗುತ್ತದೆ. ನಡೆದು ಹೋಗಿ ಹೆಕ್ಕುವವಳಿಗೆ ಆ ದಿಬ್ಬ ಬಿಟ್ಟರೆ ಮತ್ತೊಂದಿಲ್ಲ. ಮೂರು ತಿಂಗಳು ಅವಳು ಏನು ತಿನ್ನಬೇಕು ಎಂದು ಸಭೆಯಲ್ಲಿ ಯಾರಾದರೂ ಕೇಳಿದರೇ? “ಊರವರು ಪಾಲಿಸಿದರು” ಎಂದು ಬರೆಯುವುದು ಸುಲಭ.

ಅಳಿವೆಯಂಚು

ಹೆಂಗಸರು ಬಂದಿದ್ದರು. ಹೆಚ್ಚು ಮಾತನಾಡಲಿಲ್ಲ ಎನ್ನುವುದು ನಿಜ. ನಿಷೇಧದ ತಿಂಗಳುಗಳಲ್ಲಿ ಕೆಲವರು ಶೇಂಗಾ ಗದ್ದೆಯ ಕೂಲಿಗೆ ಹೋದರು, ಇಬ್ಬರು ಸಿಗಡಿ ಸುಲಿಯುವ ಶೆಡ್ಡಿಗೆ.

ಪಿಂಚಣಿದಾರ

ಮಗಳು ಕೇಳಿದ್ದರಲ್ಲಿ ಹಣದ ವಿಷಯವೂ ಇದೆ. ಕಡಲಿನ ನಿಷೇಧದ ಕಾಲಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕಿ ಒಟ್ಟು 4,500 ಕೊಡುತ್ತವೆ. ಅದನ್ನು ಪಡೆಯಲು ಸಹಕಾರ ಸಂಘದ ಸದಸ್ಯತ್ವ ಬೇಕು. ಬಳಚು ಹೆಕ್ಕುವ ಹೆಂಗಸರಲ್ಲಿ ಎಷ್ಟು ಜನಕ್ಕೆ ಅದು ಇದೆ ಎಂದು ಎಣಿಸಿ ನೋಡಿ, ಉತ್ತರ ನಿಮಗೇ ಸಿಗುತ್ತದೆ. ಕಾನೂನಿನ ಕಣ್ಣಿನಲ್ಲಿ ಅವರು ಮೀನುಗಾರರೇ ಅಲ್ಲ. ಗ್ರಾಮಸಭೆಗೆ ಮೊದಲು ಆ ಕೆಲಸ ಮಾಡಿ: ಹೆಕ್ಕುವವರ ಹೆಸರಿನ ಪಟ್ಟಿ.

ಸುಕ್ಕಪ್ರಿಯ

ಪಟ್ಟಿಗೆ ಜಾತಿವಾರು ಕಲಂ ಬೇಡ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಟ್ಟಿ ಮುಗಿಯುವುದಿಲ್ಲ.

ವಕೀಲ, ಕಾರವಾರ

ಕಾನೂನಿನ ಮಾತು ಬಂದದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

“ಹೊಳೆ ನಿಮ್ಮಪ್ಪನದೋ” ಎಂದು ಕೇಳಿದವನು ಒರಟನಿರಬಹುದು, ಆದರೆ ಕಾನೂನು ಬಹುಮಟ್ಟಿಗೆ ಅವನ ಕಡೆಗೇ ಇದೆ. ಭರತ–ಇಳಿತ ಬರುವ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಸಾರ್ವಜನಿಕರದು ಎಂಬುದು ಹಳೆಯ ತತ್ತ್ವ. ಊರಿನ ಠರಾವಿನಿಂದ ಅದನ್ನು ಕಸಿಯಲು ಬರುವುದಿಲ್ಲ. ಹೊರಗಿನವನ ದೋಣಿ ಹಿಡಿದಿಟ್ಟರೆ ನಿಮ್ಮ ಮೇಲೆಯೇ ಪ್ರಕರಣ ಬೀಳುತ್ತದೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲೂ ಕಾಗದದ ಮೇಲೆ ಇದ್ದೇ ಇರುತ್ತದೆ, ಸದಸ್ಯರಿಗೇ ಗೊತ್ತಿರಲಿಕ್ಕಿಲ್ಲ. ತನ್ನ ವ್ಯಾಪ್ತಿಯಿಂದ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರ ಆ ಸಮಿತಿಗೆ ಇದೆ. ಬಳಚು ಜೈವಿಕ ಸಂಪನ್ಮೂಲ, ಲಾರಿಯಲ್ಲಿ ಗೋವಾಕ್ಕೆ ಹೋಗುವುದು ವ್ಯಾಪಾರ. ಶುಲ್ಕ ಸಣ್ಣದಿರಲಿ, ರಸೀದಿ ಪುಸ್ತಕ ದೊಡ್ಡ ಆಯುಧ. ಯಾರು ಎಷ್ಟು ಒಯ್ದರು ಎಂಬ ದಾಖಲೆ ಅದರಲ್ಲಿ ತಾನಾಗಿ ಬೆಳೆಯುತ್ತದೆ.

ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3(1)(ಡಿ) ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕನ್ನು ಹೆಸರಿಸಿಯೇ ಹೇಳುತ್ತದೆ. ಅದು ಅರಣ್ಯಭೂಮಿಗೆ ಮಾತ್ರ. ಆದರೆ ನಿಮ್ಮ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಎಷ್ಟು ಕಡೆ ಅರಣ್ಯ ಎಂದು ದಾಖಲಾಗಿದೆ ಎಂದು ಪಹಣಿ ತೆಗೆಸಿ ನೋಡಿ.

ನಾಡದೋಣಿ

ವಕೀಲರೇ, ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷದ ವಾಸ ತೋರಿಸಬೇಕು. ಉತ್ತರ ಕನ್ನಡದಲ್ಲಿ ಎಷ್ಟು ಅರ್ಜಿ ಅದಕ್ಕೇ ಬಿದ್ದುಹೋಗಿವೆ ಎಂದು ನಿಮಗೇ ಗೊತ್ತು. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಕೇಳುತ್ತಲೇ ಇದ್ದಾರೆ. ಅಂಬಿಗರು, ಹರಿಕಾಂತರು, ಖಾರ್ವಿಗಳು, ದಾಲ್ದಿಗಳು ನೂರಾರು ವರ್ಷದಿಂದ ದಂಡೆಯಲ್ಲೇ ಇದ್ದರೂ ಕಾಗದದಲ್ಲಿ ಎಲ್ಲಿದ್ದಾರೆ?

ವಕೀಲ, ಕಾರವಾರ

ವೈಯಕ್ತಿಕ ಜಮೀನಿನ ಅರ್ಜಿ ಬೇರೆ, ಸಮುದಾಯದ ಹಕ್ಕಿನ ಅರ್ಜಿ ಬೇರೆ. ಎರಡನೆಯದನ್ನು ಗ್ರಾಮಸಭೆಯ ಹೆಸರಿನಲ್ಲಿ ಹಾಕಬೇಕು. ಹಳೆಯ ಗ್ಯಾಸೆಟಿಯರು, ದೇವಸ್ಥಾನದ ಕಡತ, ಹಿರಿಯರ ಹೇಳಿಕೆ, ಎಲ್ಲವೂ ಪುರಾವೆಯೇ. ಸುಲಭ ಎಂದು ನಾನು ಹೇಳಲಿಲ್ಲ.

ಸಿಯಾಟಲ್ ಕನ್ನಡತಿ

ಹುಟ್ಟೂರು ಅಂಕೋಲಾ, ಈಗ ಇರುವುದು ವಾಷಿಂಗ್ಟನ್ ರಾಜ್ಯದಲ್ಲಿ. ಇಲ್ಲಿಯ ಸಾಲ್ಮನ್ ಕಥೆ ನಿಮ್ಮ ಚರ್ಚೆಗೆ ನೇರವಾಗಿ ಹೊಂದುತ್ತದೆ.

1854–55ರಲ್ಲಿ ಇಲ್ಲಿಯ ಮೂಲನಿವಾಸಿ ಬುಡಕಟ್ಟುಗಳು ಒಪ್ಪಂದ ಮಾಡಿಕೊಂಡು ನೆಲ ಬಿಟ್ಟುಕೊಟ್ಟವು, ಆದರೆ ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮುಂದೆ ರಾಜ್ಯ ಸರ್ಕಾರ ಅದನ್ನು ಮರೆತು ಅವರನ್ನೇ ಕಳ್ಳಬೇಟೆಗಾರರೆಂದು ಹಿಡಿಯತೊಡಗಿತು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ತಮ್ಮ ಹೊಳೆಯಲ್ಲಿ ಬಲೆ ಬಿಟ್ಟದ್ದಕ್ಕೆ ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೆ ಒಳಗಾದರು. 1960ರ ದಶಕದಲ್ಲಿ ಬಂಧನಕ್ಕೆ ಅಂಜದೆ ಬಲೆ ಬಿಡುವುದೇ ಅವರ ಸತ್ಯಾಗ್ರಹವಾಯಿತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು, ನಿರ್ವಹಣೆಯಲ್ಲೂ ಅವರು ರಾಜ್ಯದ ಸಮಕ್ಕೆ ಕೂರಬೇಕು ಎಂದು ತೀರ್ಪು ಕೊಟ್ಟರು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಇಂದು ಪಶ್ಚಿಮ ವಾಷಿಂಗ್ಟನ್ನಿನ 20 ಬುಡಕಟ್ಟುಗಳಿಗೆ ಸೇರಿ ಒಂದು ಆಯೋಗವಿದೆ. ಅವರದೇ ವಿಜ್ಞಾನಿಗಳು, ಅವರದೇ ಮರಿಕೇಂದ್ರಗಳು, ಅವರದೇ ಗಸ್ತು. ಈ ವರ್ಷ ಎಷ್ಟು ಹಿಡಿಯಬಹುದು ಎಂದು ರಾಜ್ಯದ ಅಧಿಕಾರಿಗಳ ಎದುರು ಕೂತು ತೀರ್ಮಾನಿಸುತ್ತಾರೆ.

ಮಲ್ಪೆ ಬೋಟಿನವ

ಅಕ್ಕಾ, ಅಲ್ಲಿ ಒಪ್ಪಂದದ ಕಾಗದ ಇತ್ತು. ನಮ್ಮ ಅಜ್ಜಂದಿರ ಕೈಯಲ್ಲಿ ಯಾವ ದೊರೆ ಒಪ್ಪಂದಕ್ಕೆ ಸಹಿ ಹಾಕಿಸಿದ್ದ? ಅಂದ ಹಾಗೆ ಇಷ್ಟೆಲ್ಲ ಆದ ಮೇಲೆ ಸಾಲ್ಮನ್ ಹೆಚ್ಚಾಯಿತೇ?

ಸಿಯಾಟಲ್ ಕನ್ನಡತಿ

ಇಲ್ಲ. ಪ್ಯೂಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ 1999ರಿಂದ ಅಪಾಯದ ಪಟ್ಟಿಯಲ್ಲಿದೆ. ಆದರೆ ಕಾರಣ ಬಲೆಯೊಂದೇ ಅಲ್ಲ. ಅಣೆಕಟ್ಟು, ಮರ ಕಡಿದ ದಂಡೆ, ರಸ್ತೆಯ ಕೆಳಗಿನ ಮೋರಿ. ಹೌದು, ಮೋರಿ! ರಾಜ್ಯ ಕಟ್ಟಿದ ಮೋರಿಗಳು ಮೀನು ಮೇಲೇರುವ ದಾರಿಯನ್ನು ಮುಚ್ಚಿವೆ ಎಂದು ಬುಡಕಟ್ಟುಗಳು ದಾವೆ ಹೂಡಿದವು. 2018ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ನಾಲ್ಕು–ನಾಲ್ಕಾಗಿ ಒಡೆದು ಬುಡಕಟ್ಟುಗಳ ಪರವಾದ ಕೆಳಗಿನ ತೀರ್ಪೇ ನಿಂತಿತು. ಈಗ ರಾಜ್ಯ ತನ್ನ ಖರ್ಚಿನಲ್ಲಿ ನೂರಾರು ಮೋರಿ ಒಡೆದು ಕಟ್ಟುತ್ತಿದೆ. ಮೀನಿನ ಹಕ್ಕು ಇದ್ದುದರಿಂದಲೇ ಮೋರಿಯನ್ನು ಪ್ರಶ್ನಿಸಲು ಆಯಿತು. ಬರೀ ನಿಷೇಧ ಪಾಲಿಸುವವರಾಗಿದ್ದರೆ ಪ್ರಶ್ನಿಸುವ ಬಾಯಿ ಎಲ್ಲಿಂದ ಬರುತ್ತಿತ್ತು?

ಗಜನಿ ಗದ್ದೆ

ಮೋರಿಯ ಮಾತು ಓದಿ ಸುಮ್ಮನೆ ಇರಲಾಗಲಿಲ್ಲ. ಅಘನಾಶಿನಿಯ ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ, ಆದದ್ದೂ ಇದೇ ಅಲ್ಲವೇ? ಮೊದಲು ನಾವೇ ಮಣ್ಣಿನ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತುತ್ತಿದ್ದೆವು. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು ಒಳಗೆ ಬಂದು ಕೊಯ್ದ ಕೂಳೆ ಮೇಯ್ದು ಬೆಳೆಯುತ್ತಿದ್ದವು. ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಗದ್ದೆಯವರೆಲ್ಲ ಸೇರಿ ಮಾಡುವ ತೀರ್ಮಾನ. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಉಪ್ಪುನೀರು ತಡೆಯುವ ಶಾಶ್ವತ ಒಡ್ಡು ಹಾಕಿತು. ಆಮೇಲೆ ಸಿಗಡಿ ಕೃಷಿಯ ಗುತ್ತಿಗೆದಾರರು ಬಂದರು. ಬಾಗಿಲು ಅವರ ಲೆಕ್ಕಕ್ಕೆ ತಕ್ಕಂತೆ ತೆರೆಯಿತು, ಮುಚ್ಚಿತು. ಕಗ್ಗ ಬಿತ್ತುವವರು ಬೆರಳೆಣಿಕೆಗೆ ಇಳಿದರು. ಮಾಣಿಕಟ್ಟಾದಂಥ ಕಡೆ ರೈತರು ಸೇರಿ ಅದನ್ನು ಉಳಿಸಿಕೊಂಡರು, ಅಷ್ಟೇ.

ಅಳಿವೆ ಒಂದೇ ದೇಹ. ದಿಬ್ಬದಲ್ಲಿ ಬಳಚು ಕಡಿಮೆಯಾದದ್ದಕ್ಕೆ ಹೆಕ್ಕುವವರನ್ನೇ ಹೊಣೆ ಮಾಡುವುದಾದರೆ, ಮರಳು ತೆಗೆದವರನ್ನು, ಸತ್ತ ಚಿಪ್ಪಿನ ಪದರವನ್ನೇ ಯಂತ್ರದಿಂದ ಅಗೆದು ಸುಣ್ಣಕ್ಕೆ ಕಳಿಸಿದವರನ್ನು ಕೇಳುವವರು ಯಾರು?

ಪಿಂಚಣಿದಾರ

ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಹೊಳೆಯ ತಳ ಕಲಕಿದರೆ ಮರಿ ಕೂರಲು ನೆಲವೇ ಇರುವುದಿಲ್ಲ. ಮೂರು ತಿಂಗಳು ಕೈ ತಡೆದವರು ಹೆಂಗಸರು, ಹನ್ನೆರಡು ತಿಂಗಳು ಕೈ ಆಡಿಸಿದವರು ಬೇರೆಯವರು.

ತುಂಗಾತೀರ

ಮಲೆನಾಡಿನಿಂದ ಒಂದು ಮಾತು. ಹೊಳೆಯ ಮೀನನ್ನು ಊರೇ ಕಾಯುವುದಕ್ಕೆ ಇಷ್ಟು ಕಾನೂನು ಏಕೆ? ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ಬನ್ನಿ, ಶೃಂಗೇರಿಗೆ ಹೋಗಿ, ಬೆಳ್ತಂಗಡಿಯ ಶಿಶಿಲಕ್ಕೆ ಹೋಗಿ. ದೇವರ ಮೀನು ಎಂದು ಒಬ್ಬನೂ ಮುಟ್ಟುವುದಿಲ್ಲ. ತೊಡೆ ಗಾತ್ರದ ಮಹಶೀರ್ ಮೆಟ್ಟಿಲಿಗೆ ಬಂದು ಅಕ್ಕಿ, ಅರಳು ತಿನ್ನುತ್ತವೆ. ಪಹರೆ ಇಲ್ಲ, ರಸೀದಿ ಇಲ್ಲ.

ವಕೀಲ, ಕಾರವಾರ

ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅಲ್ಲಿ ಮತ್ಸ್ಯ ಸ್ಮಾರಕವೇ ಇದೆ. ಭಕ್ತಿ ಇಲ್ಲದವನನ್ನು ಭಕ್ತಿ ತಡೆಯುವುದಿಲ್ಲ.

ತುಂಗಾತೀರ

ಆದರೂ ಆಮೇಲೆ ಮೀನು ಮತ್ತೆ ತುಂಬಿಕೊಂಡಿತಲ್ಲ.

ನಾಡದೋಣಿ

ದೇವರ ಮೀನನ್ನು ಕಾಯುವವರು ಅದನ್ನು ತಿಂದು ಬದುಕಬೇಕಾಗಿಲ್ಲ. ಮುಟ್ಟಬೇಡ ಎನ್ನುವುದು ಸುಲಭದ ನಿಯಮ. ಇಷ್ಟು ಮುಟ್ಟು, ಇಷ್ಟು ಬಿಡು ಎನ್ನುವುದು ಕಷ್ಟದ್ದು. ಬಳಚಿಗೆ ಬೇಕಿರುವುದು ಆ ಕಷ್ಟದ ನಿಯಮ.

ಸುಕ್ಕಪ್ರಿಯ

ಮಹಶೀರ್ ರುಚಿ ಹೇಗಿರುತ್ತದೆ ಎಂದು ಕೇಳಬಹುದೇ?

ನಿರ್ವಾಹಕ

ಕೇಳಬಾರದು. ವಿಷಯಕ್ಕೆ ಬನ್ನಿ.

ಗಡಿನಾಡ ಕನ್ನಡಿಗ

ಊರಿನ ನಿಯಮವನ್ನು ಹೊಗಳುವವರಿಗೆ ಇನ್ನೊಂದು ಮುಖವನ್ನೂ ತೋರಿಸುತ್ತೇನೆ. ತಮಿಳುನಾಡು–ಆಂಧ್ರ ಗಡಿಯ ಪುಲಿಕಾಟ್ ಸರೋವರದಲ್ಲಿ ಪಾಡು ಪದ್ಧತಿ ಇದೆ. ಸಿಗಡಿ ಹಿಡಿಯುವ ಒಳ್ಳೆಯ ಜಾಗಗಳನ್ನು ಚೀಟಿ ಎತ್ತಿ ಸರದಿಯಂತೆ ಹಂಚುತ್ತಾರೆ. ಒಬ್ಬನೇ ಬಾಚುವುದಿಲ್ಲ, ಜಗಳವಿಲ್ಲ. ಆದರೆ ಚೀಟಿಯಲ್ಲಿ ಹೆಸರು ಬರುವುದು ಗೊತ್ತಾದ ಜಾತಿಯ ಗಂಡಸರದ್ದು ಮಾತ್ರ. ಅದೇ ನೀರಿನ ಪಕ್ಕದಲ್ಲಿರುವ ಇತರರು ಕೈಯಲ್ಲಿ ತಡಕಿ ಸಿಕ್ಕಿದ್ದನ್ನು ಹಿಡಿಯಬೇಕು.

ಮತ್ತೆ, ಊರಿನ ನಿಯಮದ ಕೈಗೆ ಸಿಗದ ಸಂಗತಿಗಳೂ ಇವೆ. ಕೇರಳದಲ್ಲಿ ಬೂತಾಯಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ 3,297 ಟನ್. ಸಾವಿರವೇ, ಲಕ್ಷವಲ್ಲ. ಕಡಲು ಬಿಸಿಯಾದದ್ದಕ್ಕೆ ಯಾವ ಗುರಿಕಾರ ದಂಡ ಹಾಕುತ್ತಾನೆ?

ನಾಡದೋಣಿ

ಸಣ್ಣ ಬೂತಾಯಿಯನ್ನು ಮೀನುಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಲಾರಿಗಟ್ಟಲೆ ಕಳಿಸಿದ್ದನ್ನು ಕಡಲಿನ ಬಿಸಿಯ ತಲೆಗೆ ಕಟ್ಟಬೇಡಿ.

ಮಲ್ಪೆ ಬೋಟಿನವ

ಅದಕ್ಕೆ ಕೊಳ್ಳುವವರು ಇದ್ದರು, ಮಾರಿದೆವು. ಮೇಲೆ ಯಾರೋ ಹೇಳಿದರಲ್ಲ, ಕೊಳ್ಳುವವನ ಕೈ ಕಟ್ಟಬೇಕು ಎಂದು. ಅದನ್ನು ನಾನೂ ಒಪ್ಪುತ್ತೇನೆ. ಬಂದರಿನ ದಕ್ಕೆಯಲ್ಲಿ ಸಣ್ಣ ಮೀನಿಗೆ ಬೆಲೆಯೇ ಇಲ್ಲದಿದ್ದರೆ ನಾನು ಡೀಸೆಲ್ ಸುಟ್ಟು ಅದನ್ನು ತರುತ್ತೇನೆಯೇ?

ಅಳಿವೆಯಂಚು

ಎಲ್ಲವನ್ನೂ ಓದಿದೆ. ಅಮ್ಮನ ಹತ್ತಿರವೂ ಮಾತನಾಡಿದೆ, ಅವಳೂ ಹೆಕ್ಕುವವಳೇ. ಗ್ರಾಮಸಭೆಯಲ್ಲಿ ಹೀಗೆ ಇಡೋಣ ಎಂದಿದ್ದೇನೆ.

ದಡದಲ್ಲಿ ಮಾಲು ಅಳೆಯುವ ಜಾಗದಲ್ಲಿ ಒಂದು ಕಬ್ಬಿಣದ ಜರಡಿ. ಸರಳುಗಳ ನಡುವೆ ಬೀಳುವ ಬಳಚು ಮತ್ತೆ ಹೊಳೆಗೆ, ಅದೇ ಇಳಿತದಲ್ಲಿ, ಸಾಯುವ ಮೊದಲು. ಜರಡಿ ದಾಟದ್ದಕ್ಕೆ ಮಾತ್ರ ದುಡ್ಡು. ವ್ಯಾಪಾರಿ ಯಾವ ಊರಿನವನಾದರೂ ಪಂಚಾಯಿತಿ ರಸೀದಿ ಇಲ್ಲದೆ ಲಾರಿ ತುಂಬುವಂತಿಲ್ಲ. ಶುಲ್ಕದ ಹಣ ನಿಷೇಧದ ತಿಂಗಳುಗಳಲ್ಲಿ ಹೆಕ್ಕುವವರಿಗೆ. ದಿಬ್ಬವನ್ನು ಪೂರ್ತಿ ಮುಚ್ಚುವ ಬದಲು ಅರ್ಧ ಮುಚ್ಚುವುದು, ದಡದ ಕಡೆಯ ಅರ್ಧ ನಡೆದು ಹೆಕ್ಕುವವರಿಗೆ ಬಿಡುವುದು. ಇದು ಅಮ್ಮ ಹೇಳಿದ್ದು. ದೋಣಿಯವರು ಒಪ್ಪುತ್ತಾರೋ ಇಲ್ಲವೋ.

ಪಿಂಚಣಿದಾರ

ಜರಡಿಯ ಅಳತೆಯನ್ನು ನೀವೇ ನಿರ್ಧರಿಸಬೇಡಿ. ಸಿಎಂಎಫ್‌ಆರ್‌ಐನ ಕೇಂದ್ರ ಕಾರವಾರದಲ್ಲೇ ಇದೆ, ಒಂದು ಪಾತ್ರೆ ಬಳಚು ಹಿಡಿದುಕೊಂಡು ಹೋಗಿ. ಯಾವ ಗಾತ್ರಕ್ಕೆ ಒಮ್ಮೆಯಾದರೂ ಮೊಟ್ಟೆ ಇಟ್ಟಿರುತ್ತದೆ ಎಂದು ಅವರು ಹೇಳಿದರೆ, ನಾಳೆ ಯಾರು ಪ್ರಶ್ನಿಸಿದರೂ ಉತ್ತರ ಇರುತ್ತದೆ.

ವಕೀಲ, ಕಾರವಾರ

ಠರಾವಿನಲ್ಲಿ ‘ಹೊರಗಿನವರು’ ಎಂಬ ಮಾತೇ ಬೇಡ. ‘ವ್ಯಾಪಾರ ಉದ್ದೇಶಕ್ಕೆ ಒಯ್ಯುವವರು’ ಎಂದಷ್ಟೇ ಬರೆಯಿರಿ, ಆಗ ಮಾತ್ರ ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ. ರಾಮ್ಸಾರ್ ಎಂದರೆ ಹೆಕ್ಕುವುದೇ ನಿಷೇಧ ಎಂದು ಹೆದರಿಸುವವರೂ ಬರುತ್ತಾರೆ. ಹಾಗಿಲ್ಲ, ವಿವೇಕದಿಂದ ಬಳಸಿ ಎನ್ನುವುದೇ ಅದರ ಮೂಲ.

ಮಲ್ಪೆ ಬೋಟಿನವ

ಪಕ್ಕದ ದಂಡೆಯ ಊರುಗಳೂ ಜರಡಿ ಇಡದಿದ್ದರೆ ಲಾರಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಬರೆದಿಟ್ಟುಕೊಳ್ಳಿ.

ಅಳಿವೆಯಂಚು

ಎದುರು ದಂಡೆಯವರೊಡನೆ ಮಾತುಕತೆಗೆ ಇಬ್ಬರು ಹೋಗುತ್ತಿದ್ದಾರೆ. ಅವರೊಡನೆ ಹಳೆಯ ಮನಸ್ತಾಪ ಬೇರೆ ಇದೆ, ನೋಡೋಣ. ಗ್ರಾಮಸಭೆ ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ.

ಹೆಕ್ಕುವವಳ ಮಗಳು

ಅಮಾವಾಸ್ಯೆಯ ಮರುದಿನವೇ? ದೊಡ್ಡ ಇಳಿತದ ದಿನ ಹೆಂಗಸರೆಲ್ಲ ಸೊಂಟದವರೆಗೆ ನೀರಿನಲ್ಲಿ ಇರುತ್ತಾರೆ. ನಿಮ್ಮ ಸಭೆಗೆ ಯಾರು ಬರುತ್ತಾರೆ? ಪಂಚಾಯಿತಿಯವರಿಗೆ ಹೇಳಿ ದಿನ ಬದಲಿಸಿ, ಅಷ್ಟಮಿಯ ಆಸುಪಾಸಿಗೆ ಇಡಿ. ಆಗ ನೀರು ಹೆಚ್ಚು ಇಳಿಯುವುದಿಲ್ಲ, ಯಾರಿಗೂ ಕೂಲಿ ತಪ್ಪುವುದಿಲ್ಲ.

ಅಳಿವೆಯಂಚು

ನಾಳೆ ಬೆಳಿಗ್ಗೆ ಪಂಚಾಯಿತಿ ಕಚೇರಿ ತೆರೆಯುತ್ತಿದ್ದಂತೆ ಹೋಗಿ ಕೇಳುತ್ತೇನೆ. ಪಿಡಿಒ ಒಪ್ಪಿದರೆ ಹೊಸ ದಿನಾಂಕವನ್ನು ಇಲ್ಲಿಯೇ ಹಾಕುತ್ತೇನೆ.